ಸ್ವಂತಕ್ಕೆ ಬೇಕಾದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅನ್ನುತ್ತಾರೆ. ಲೋಥಾರ್ ರಾಪ್ ಎರಡನ್ನೂ ಮಾಡಿ ನೋಡಿದ್ದ, ಎರಡೂ ಹೆಚ್ಚು ರಗಳೆಯಿಲ್ಲದೆ ಮುಗಿದಿದ್ದವು. ಅವನಿಗೆ ಗ್ರಹಚಾರ ಕಾದಿದ್ದದ್ದು ಕಟ್ಟಿದ ಮನೆಯಲ್ಲಲ್ಲ, ಕೊಂಡ ಮನೆಯಲ್ಲಿ. ಅದೂ ಒಂದಲ್ಲ ಎರಡಲ್ಲ, ಐದನೆಯದರಲ್ಲಿ.

ಅವನ ಕಸುಬು ಮನೆ ಬಿಸಿ ಮಾಡುವ ಬಾಯ್ಲರ್‌ಗಳ ರಿಪೇರಿ. ಸ್ಟುಟ್‌ಗಾರ್ಟಿನ ಪೂರ್ವದ ಬೀದಿಗಳಲ್ಲಿ ಇಪ್ಪತ್ತೆಂಟು ವರ್ಷ ಜನರ ನೆಲಮಾಳಿಗೆಗೆ ಇಳಿದು ಹತ್ತಿದವನು. ನೆಲಮಾಳಿಗೆಗೆ ಇಳಿಯುವವನಿಗೆ ಮನೆಯ ಗುಟ್ಟೆಲ್ಲ ತಿಳಿಯುತ್ತದೆ. ಯಾವ ಮುದುಕಿ ಮೇಲಿನ ಎರಡು ಕೋಣೆ ಬಿಸಿ ಮಾಡುವುದನ್ನೇ ಬಿಟ್ಟಿದ್ದಾಳೆ, ಯಾವ ಅಣ್ಣತಮ್ಮಂದಿರು ಬಾಯ್ಲರ್ ಬದಲಿಸುವ ಖರ್ಚಿಗೆ ನೀನು ಕೊಡು ನೀನು ಕೊಡು ಎಂದು ಕಿತ್ತಾಡುತ್ತಿದ್ದಾರೆ, ಯಾವ ಮನೆ ಇನ್ನೊಂದು ವರ್ಷದಲ್ಲಿ ಮಾರಾಟಕ್ಕೆ ಬರುತ್ತದೆ ಎನ್ನುವುದೆಲ್ಲ ಅವನಿಗೆ ದಲ್ಲಾಳಿಗಳಿಗಿಂತ ಮುಂಚೆ ಗೊತ್ತಾಗುತ್ತಿತ್ತು. ಗೊತ್ತಿದ್ದೂ ಸುಮ್ಮನಿರುವುದು ಹೇಗೆ? ನಲವತ್ತಕ್ಕೆ ಕಾಲಿಟ್ಟ ವರ್ಷ ಒಂದೂವರೆ ಕೋಣೆಯ ಫ್ಲಾಟೊಂದನ್ನು ಕೊಂಡ.

ಆ ಮೊದಲ ಫ್ಲಾಟಿಗೆ ಬಣ್ಣ ಬಳಿದದ್ದು ಅವನೂ ಹೆಂಡತಿ ಇರ್ಮೆಲಾಳೂ. ಔಷಧಿ ಅಂಗಡಿಯ ಕೆಲಸ ಮುಗಿಸಿ ಅವಳು ನೇರ ಅಲ್ಲಿಗೇ ಬರುತ್ತಿದ್ದಳು. ನೆಲಕ್ಕೆ ಹಳೇ ಪೇಪರ್ ಹಾಸಿ, ಬೆಣ್ಣೆ ಸವರಿದ ಬ್ರೆಟ್ಸೆಲ್ ರೊಟ್ಟಿ ತಿಂದು, ಒಬ್ಬರ ಮೂಗಿಗೆ ಮೆತ್ತಿದ ಬಣ್ಣ ನೋಡಿ ಇನ್ನೊಬ್ಬರು ನಕ್ಕಿದ್ದರು. ಮೊದಲ ತಿಂಗಳ ಬಾಡಿಗೆ ಬಂದಾಗ ಹೋಟೆಲಿಗೆ ಹೋಗಿ ಉಂಡಿದ್ದರು. ಕಾಸಿಗೆ ಕಾಸು ಗಂಟು ಹಾಕುವ ನಮ್ಮ ಸ್ವಾಬಿಯಾ ಸೀಮೆಯ ಜನಕ್ಕೆ ಹೋಟೆಲಿಗೆ ಹೋಗಿ ಉಣ್ಣುವುದೆಂದರೆ ಸಣ್ಣ ಮಾತಲ್ಲ. ಅವರು ಅಷ್ಟು ಖುಷಿಯಾಗಿದ್ದರು.

ಮೊದಲನೆಯದನ್ನು ಒತ್ತೆಯಿಟ್ಟು ಎರಡನೆಯದು, ಎರಡನ್ನೂ ತೋರಿಸಿ ಮೂರನೆಯದು. ಮೂರನೆಯದಕ್ಕೆ ಇರ್ಮೆಲಾ ಬಣ್ಣ ಬಳಿಯಲು ಬರಲಿಲ್ಲ, ಆಳು ಬಂದ. ನಾಲ್ಕನೆಯದನ್ನು ಅವಳು ನೋಡಲೂ ಇಲ್ಲ. ಲೋಥಾರನಿಗೆ ಅದು ಗಮನಕ್ಕೆ ಬರಲಿಲ್ಲ, ಬಂದಿದ್ದರೂ ಕೆಲಸ ಹಗುರವಾಯಿತು ಎಂದುಕೊಳ್ಳುತ್ತಿದ್ದನೋ ಏನೋ. ಅಷ್ಟರಲ್ಲಿ ಅವನಿಗೆ ಯೋಖೆನ್ ಸಿಕ್ಕಿದ್ದ.

ಯೋಖೆನ್‌ಗೆ ಮೂವತ್ತನಾಲ್ಕು ಫ್ಲಾಟುಗಳಿದ್ದವು. ತಿಂಗಳ ಮೊದಲ ಮಂಗಳವಾರ ಒಂದು ಹೋಟೆಲಿನ ಹಿಂದಿನ ಕೋಣೆಯಲ್ಲಿ ಮನೆ ಕೊಳ್ಳುವವರ ಕೂಟ ಸೇರುತ್ತಿತ್ತು; ಅಲ್ಲಿ ಅವನ ಮಾತೇ ವೇದ. ಹತ್ತಿರದ ಪ್ಲೋಕಿಂಗನ್ ಊರಿನಲ್ಲಿ ಲೋಥಾರ್ ಸ್ವಂತ ಕಟ್ಟಿಸಿದ್ದ, ಹಿತ್ತಲಲ್ಲಿ ಚೆರ್ರಿ ಮರವಿದ್ದ ಮನೆಯನ್ನು ಹೆಂಡತಿಯ ಹೆಸರಿಗೆ ಮಾಡಿಸಿದ್ದೂ, ಗಂಡನ ಆಸ್ತಿ ಗಂಡನಿಗೆ ಹೆಂಡತಿಯದು ಹೆಂಡತಿಗೆ ಎಂದು ಕರಾರು ಬರೆಸಿದ್ದೂ ಯೋಖೆನ್ ಮಾತು ಕೇಳಿಯೇ. ನಾಳೆ ಫ್ಲಾಟುಗಳು ಮುಳುಗಿದರೂ ಇರುವ ಸೂರು ಉಳಿಯಲಿ ಎನ್ನುವ ಲೆಕ್ಕ. ಜಾಣತನವೇ, ಅಲ್ಲ ಎನ್ನುವಂತಿಲ್ಲ.

ಐದನೆಯದು ಮೂರನೇ ಮಹಡಿಯಲ್ಲಿತ್ತು. ಮೂರು ಕೋಣೆ, ಮರದ ನೆಲ, ಬಾಗಿಲ ಮೇಲೆ ಹಳೇ ಕಾಲದ ಬಣ್ಣದ ಗಾಜು. ಬೆಲೆ ಮಾರ್ಕೆಟ್ಟಿಗಿಂತ ಮೂರನೇ ಒಂದು ಪಾಲು ಕಡಿಮೆ, ಯಾಕೆಂದರೆ ಒಳಗೆ ಗುಡ್ರುನ್ ಫೆಟ್ಸರ್ ಎಂಬ ಹೆಂಗಸು ಇಪ್ಪತ್ತಾರು ವರ್ಷದಿಂದ ಬಾಡಿಗೆಗಿದ್ದಳು. ಶಾಲೆಯ ಅಡಿಗೆಮನೆಯಲ್ಲಿ ಕೆಲಸ, ಹಳೇ ಕಾಲದ ಬಾಡಿಗೆ, ತಪ್ಪದೆ ಒಂದನೇ ತಾರೀಕು ಕೊಡುತ್ತಿದ್ದಳು. ಬಾಡಿಗೆ ತಪ್ಪದೆ ಕೊಡುವವರನ್ನು ನಮ್ಮ ದೇಶದಲ್ಲಿ ದೇವರೇ ಬಂದರೂ ಎಬ್ಬಿಸಲಾಗದು. ಒಂದೇ ದಾರಿ, ಮನೆ ಸ್ವಂತಕ್ಕೆ ಬೇಕು, ತಾನೇ ಬಂದು ಇರುತ್ತೇನೆ ಎಂದು ಮಾಲೀಕ ಬರೆದುಕೊಡಬೇಕು.

"ಬಾಡಿಗೆಯವರು ಇರೋ ಮನೆ ಅಂದ್ರೆ ಮೂಳೆ ಇರೋ ಮಾಂಸ ಕಣಯ್ಯಾ, ಅದಕ್ಕೇ ಅಗ್ಗ," ಅಂದ ಯೋಖೆನ್. "ಮೂಳೆ ತೆಗೆಯೋದು ಗೊತ್ತಿದ್ರೆ ಹಬ್ಬ."

"ನನಗೆ ಮನೆ ಇದೆಯಲ್ಲ ಮಾರಾಯ. ಸ್ವಂತಕ್ಕೆ ಬೇಕು ಅಂದ್ರೆ ಯಾರು ನಂಬ್ತಾರೆ?"

"ಹೆಂಡ್ತಿ ಜೊತೆ ಸರಿಯಿಲ್ಲ, ಬೇರೆ ಆಗ್ತಿದ್ದೀವಿ ಅಂತ ಬರಿ. ಎಂಥಾ ಜಡ್ಜೂ ಅದನ್ನ ಕೆದಕೋಕೆ ನಾಚಿಕೊಳ್ತಾನೆ. ಹೆಂಡ್ತಿ ಕೈಲೂ ಒಂದು ಚೀಟಿ ಬರೆಸಿ ಅಂಟಿಸು. ಒಂದಾರು ತಿಂಗಳು ಅಲ್ಲಿ ಮಲಗು. ಆಮೇಲೆ ರಾಜಿ ಆಯ್ತು ಅಂತ ಮನೆಗೆ ಹೋಗು. ರಾಜಿ ಆಗೋದು ಅಪರಾಧ ಅಲ್ಲವಲ್ಲ!"

ಇಡೀ ಕೂಟ ಮೇಜು ತಟ್ಟಿ ನಕ್ಕಿತು. ಲೋಥಾರನೂ ನಕ್ಕ.

ಮನೆಗೆ ಹೋಗಿ ಊಟದ ಹೊತ್ತಿನಲ್ಲಿ ಇರ್ಮೆಲಾಳಿಗೆ ಹೇಳಿದ. ಅವಳು ಬೇಳೆ ಬಡಿಸುತ್ತಿದ್ದವಳು ಸೌಟು ಪಾತ್ರೆಯಲ್ಲೇ ಬಿಟ್ಟಳು.

"ಇಪ್ಪತ್ತಾರು ವರ್ಷ ಆಯ್ತಂತೆ ಆ ಹೆಂಗಸಿಗೆ ಆ ಮನೇಲಿ. ನಮ್ಮ ಮದುವೆ ಆಗಿದ್ದೂ ಅಷ್ಟೇ ವರ್ಷ."

"ಅವಳಿಗೆ ಬೇರೆ ಮನೆ ಸಿಗುತ್ತೆ ಬಿಡು. ನೀನು ಒಂದೆರಡು ಸಾಲು ಬರೆದು ಸಹಿ ಹಾಕು, ಸಾಕು."

"ಏನಂತ ಬರೀಲಿ?"

"ಏನಾದ್ರೂ ಬರಿ. ನಂಬೋ ಹಾಗಿರ್ಲಿ."

ಅವಳು ಕೈ ಒರೆಸಿಕೊಂಡು ಪೆನ್ನು ತಂದಳು. ಯೋಚಿಸುತ್ತಾಳೆ, ತನ್ನನ್ನು ಕೇಳುತ್ತಾಳೆ ಎಂದು ಲೋಥಾರ್ ಕಾದ. ಅವಳು ಪೆನ್ನು ಎತ್ತದೆ ಬರೆದು ಹಾಳೆಯನ್ನು ಅವನ ಕಡೆ ತಳ್ಳಿದಳು. 'ನಮ್ಮ ನಡುವೆ ಮನೆಗಳ ಮಾತು ಬಿಟ್ಟು ಬೇರೆ ಮಾತು ನಿಂತುಹೋಗಿ ಬಹಳ ದಿನವಾಯಿತು. ಅವನು ಮನೆಯಲ್ಲಿದ್ದಾಗಲೂ ನಾನು ಒಬ್ಬಳೇ ಇರುತ್ತೇನೆ. ಅವನು ಹೋದರೆ ಬೇಸರವಾಗಬಹುದು, ವ್ಯತ್ಯಾಸವಾಗುವುದಿಲ್ಲ.' ಕೆಳಗೆ ತಾರೀಕು, ಸಹಿ.

"ಭೇಷ್!" ಅಂದ ಲೋಥಾರ್. "ನೀನು ಕಥೆಗಾರ್ತಿ ಆಗ್ಬೇಕಿತ್ತು ಕಣೇ."

ಅವಳು ಪೆನ್ನಿಗೆ ಮುಚ್ಚಳ ಹಾಕಿ, ಬೇಳೆ ಇನ್ನೊಂದು ಸೌಟು ಹಾಕಲೇ ಎಂದು ಕೇಳಿದಳು. ಹಾಕು ಅಂದ.

ಫೆಟ್ಸರ್ ಕೋರ್ಟಿಗೆ ಹೋಗುತ್ತಾಳೆ, ವರ್ಷಗಟ್ಟಲೆ ಎಳೆದಾಡಬೇಕು ಎಂದು ಲೋಥಾರ್ ಸಿದ್ಧನಾಗಿದ್ದ. ಅವಳು ಹೋಗಲಿಲ್ಲ. ಕೊಟ್ಟ ಒಂಬತ್ತು ತಿಂಗಳ ಗಡುವಿನಲ್ಲೇ ಎರಡು ಬೀದಿ ಆಚೆ ಒಂದು ಕೋಣೆ ಹುಡುಕಿಕೊಂಡು, ಹಳೇ ಮನೆಯ ಕಿಟಕಿ ಗಾಜನ್ನೂ ಒರೆಸಿ, ಕೀಲಿ ಕೈಗಿಟ್ಟು ಹೋದಳು. ಅಕ್ಟೋಬರ್ ಒಂದರಂದು ಲೋಥಾರ್ ಪುರಸಭೆಗೆ ಹೋಗಿ ವಿಳಾಸ ಬದಲಿಸಿದ. "ಹೆಂಡತಿಯಿಂದ ಬೇರೆ ಆಗಿದ್ದೀರಾ?" ಎಂದು ಗುಮಾಸ್ತೆ ಕೇಳಿದಾಗ ಹೌದು ಅಂದ. ಅದು ಅವನು ಹಾಗೆ ಹೇಳಿದ ಮೊದಲ ಸಲ, ಸ್ವಲ್ಪ ನಗುವೂ ಬಂತು.

ನಿಜವಾಗಿ ಅಲ್ಲಿ ಹೋಗಿ ಇರುವ ಇರಾದೆ ಅವನಿಗೆ ಇರಲಿಲ್ಲ. ಮಡಚುವ ಮಂಚ, ಒಂದು ಕುರ್ಚಿ, ಒಂದು ದೀಪ ಇಟ್ಟ. ದೀಪ ತಾನಾಗಿ ಹತ್ತಿ ಆರುವ ಹಾಗೆ ಸ್ವಿಚ್ಚು ಕೂರಿಸಿ ಪ್ಲೋಕಿಂಗನ್‌ಗೆ ಹೋಗಿ ಹಾಯಾಗಿ ಮಲಗಿದ. ಮೂರನೇ ವಾರ ಪತ್ರ ತೆಗೆದುಕೊಳ್ಳಲು ಬಂದಾಗ ಎದುರು ಬಾಗಿಲಿನ ಎಲ್ಫ್ರೀಡೆ ಮೌಟೆ ಮೆಟ್ಟಿಲಲ್ಲೇ ಹಿಡಿದಳು. ಎಪ್ಪತ್ತು ದಾಟಿದ ವಿಧವೆ, ಫೆಟ್ಸರ್‌ಳ ಜೀವದ ಗೆಳತಿ.

"ರಾಪ್ ಅವರೇ, ನಿಮ್ಮ ದೀಪ ಆರೂ ಹತ್ತಕ್ಕೆ ಹತ್ತುತ್ತೆ, ಹತ್ತೂ ನಲವತ್ತಕ್ಕೆ ಆರುತ್ತೆ. ನಮ್ಮ ಯಜಮಾನರೂ ಟೈಮ್ ಅಂದ್ರೆ ಟೈಮು. ಆದ್ರೆ ಅವರಾದ್ರೂ ಒಂದೊಂದ್ಸಲ ಪೇಪರ್ ಓದ್ತಾ ಐದು ನಿಮಿಷ ಹೆಚ್ಚು ಕೂತ್ಕೋತಿದ್ರು."

"ನಾನು... ಕೆಲಸದಿಂದ ಬಂದು ಬೇಗ ಮಲಗಿಬಿಡ್ತೀನಿ."

"ಹೌದಾ. ಮತ್ತೆ ಈ ವಾರ ಮೆಟ್ಟಿಲು ಗುಡಿಸೋ ಸರದಿ ನಿಮ್ಮದು. ಬೋರ್ಡು ಸೋಮವಾರದಿಂದ ನಿಮ್ಮ ಬಾಗಿಲಲ್ಲೇ ನೇತಾಡ್ತಿದೆ. ಇವತ್ತು ಶುಕ್ರವಾರ." ಅವಳು ಮೆಟ್ಟಿಲ ಮೂಲೆಯಲ್ಲಿ ಬಿದ್ದ ಒಣ ಎಲೆಯೊಂದನ್ನು ಕಾಲಿನ ತುದಿಯಿಂದ ತೋರಿಸಿದಳು. "ಇಲ್ಲಿ ಇರೋರಾದ್ರೆ ಇದು ಕಣ್ಣಿಗೆ ಬೀಳ್ತಿತ್ತು."

ನಮ್ಮಲ್ಲಿ ಕಳ್ಳತನ ಮಾಡಿದವನನ್ನಾದರೂ ಕ್ಷಮಿಸಿಯಾರು, ಸರದಿಯ ವಾರ ಮೆಟ್ಟಿಲು ಗುಡಿಸದವನನ್ನು ಕ್ಷಮಿಸುವುದಿಲ್ಲ. ಲೋಥಾರ್ ಹೆದರಿ ಲಾಯರ್ ಬಳಿ ಓಡಿದ. ಲಾಯರ್ ಕೇಳಿದ್ದೇ ತಲೆ ಚಚ್ಚಿಕೊಂಡ.

"ಆರು ತಿಂಗಳು ಅಂತ ನಿಮಗೆ ಹೇಳಿದ ಬೃಹಸ್ಪತಿ ಯಾರು? ಅಷ್ಟು ಬೇಗ ಖಾಲಿ ಮಾಡಿದ್ರೆ ಮೋಸ ಅಂತ ಕೂಸಿಗೂ ಗೊತ್ತಾಗುತ್ತೆ. ಆಯಮ್ಮ ಕೇಸ್ ಹಾಕಿದ್ರೆ ಹಳೇ ಬಾಡಿಗೆಗೂ ಹೊಸ ಬಾಡಿಗೆಗೂ ಇರೋ ವ್ಯತ್ಯಾಸ ವರ್ಷಗಟ್ಟಲೆ ನೀವೇ ತುಂಬ್ಕೊಡಬೇಕು. ಅದರ ಮೇಲೆ ವಂಚನೆ ಅಂತ ಪೊಲೀಸ್ ಕೇಸು. ಮೂರು ವರ್ಷ ಇರಿ. ನಿಜವಾಗ್ಲೂ ಇರಿ. ಅಲ್ಲೇ ಉಣ್ಣಿ, ಅಲ್ಲೇ ಮಲಗಿ, ಅಲ್ಲೇ ನೆಗಡಿ ಬಂದ್ರೆ ಸೀನಿ."

ಹೀಗೆ ಲೋಥಾರ್ ತಾನು ಕೊಂಡ ಮನೆಯಲ್ಲಿ ತಾನೇ ಸೆರೆಯಾದ. ಕೀಲಿ ಅವನ ಜೇಬಿನಲ್ಲೇ ಇತ್ತು, ಹೊರಗೆ ಹೋಗುವಂತಿರಲಿಲ್ಲ. ಬೇಡದ ಕೋಣೆಯನ್ನೂ ಬಿಸಿ ಮಾಡಿದ, ಏಕೆಂದರೆ ರೇಡಿಯೇಟರುಗಳ ಮೀಟರ್ ವರ್ಷಕ್ಕೊಮ್ಮೆ ಓದುತ್ತಾರೆ, ಖಾಲಿ ಮನೆಯ ಮೀಟರ್ ಹೇಗಿರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ನಲ್ಲಿ ಬಿಟ್ಟು ನೀರು ಸುಮ್ಮನೆ ಹರಿಯುವುದನ್ನು ನೋಡುತ್ತ ನಿಲ್ಲುತ್ತಿದ್ದ, ಹೊಟ್ಟೆ ಉರಿಯುತ್ತಿತ್ತು. ಐದು ವಾರಕ್ಕೊಮ್ಮೆ ಬಾಗಿಲಿಗೆ ಬೋರ್ಡು ಬೀಳುತ್ತಿತ್ತು. ಪೊರಕೆ ಹಿಡಿದು ಮೇಲಿನಿಂದ ಕೆಳಗಿನ ತನಕ ಗುಡಿಸಿ, ಕೈಕಂಬಿ ಒರೆಸಿ, ಕಸದ ಡಬ್ಬಿ ಬೀದಿಗೆ ಎಳೆದಿಟ್ಟು ಬರುವಾಗ ಮೌಟೆಯ ಬಾಗಿಲಿನ ಪುಟ್ಟ ಕಿಂಡಿ ಕಪ್ಪಾಗುತ್ತಿತ್ತು. ಅವಳು ಒಳಗಿನಿಂದ ನೋಡುತ್ತಿದ್ದಾಳೆಂದು ಅರ್ಥ. ಅವಳು ನೋಡದ ದಿನವೂ ನೋಡುತ್ತಿದ್ದಾಳೆ ಎಂದೇ ಅವನಿಗೆ ಅನಿಸುತ್ತಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ.

ಭಾನುವಾರ ಮಧ್ಯಾಹ್ನದ ಊಟಕ್ಕೆ ಮಾತ್ರ ಪ್ಲೋಕಿಂಗನ್‌ಗೆ ಹೋಗುತ್ತಿದ್ದ, ಅದೂ ಒಂದು ಸ್ಟೇಷನ್ ಮುಂಚೆಯೇ ಇಳಿದು, ನದಿ ದಂಡೆಯಲ್ಲಿ ನಡೆದು, ಪರಸ್ತ್ರೀಯ ಮನೆಗೆ ಹೋಗುವವನಂತೆ ಅತ್ತಿತ್ತ ನೋಡಿ. ಮೊದಮೊದಲು ಇರ್ಮೆಲಾಗೂ ಅದು ತಮಾಷೆಯೇ ಆಗಿತ್ತು. "ಬನ್ನಿ ಬನ್ನಿ, ಗಂಡ ಮನೇಲಿಲ್ಲ," ಎಂದು ಬಾಗಿಲು ತೆಗೆಯುತ್ತಿದ್ದಳು. ಆಮೇಲೆ ತಮಾಷೆ ನಿಂತಿತು. ಅವನ ಕುರ್ಚಿ ಇದ್ದಲ್ಲಿ ಹೊಲಿಗೆ ಯಂತ್ರ ಬಂತು. ಅವನು ಹಲ್ಲುಜ್ಜುವ ಬ್ರಷ್ ಇಡುತ್ತಿದ್ದ ಲೋಟದಲ್ಲಿ ಯಾವುದೋ ಗಿಡದ ಕಡ್ಡಿ ಬೇರು ಬಿಡುತ್ತಿತ್ತು. ಅವಳು ಸಂಗೀತದ ತಂಡವೊಂದಕ್ಕೆ ಸೇರಿದ್ದು ಅವನಿಗೆ ಗೊತ್ತಾದದ್ದು ಬಟ್ಟೆ ಒಣಹಾಕುವ ಹಗ್ಗದ ಮೇಲೆ ಹಾಡುವವರು ತೊಡುವ ಉದ್ದನೆಯ ಕಪ್ಪು ಲಂಗ ನೋಡಿ. ಕೇಳೋಣ ಅಂದುಕೊಂಡವನು ಬ್ಯಾಂಕಿನ ವಿಷಯ ಹೇಳಬೇಕಿತ್ತೆಂದು ನೆನಪಾಗಿ ಅದನ್ನೇ ಹೇಳಿದ.

ಒಂದು ವರ್ಷ ಹೀಗೇ ಹೋಯಿತು. ಎರಡನೆಯ ಚಳಿಗಾಲ ಶುರುವಾಗುವ ಹೊತ್ತಿಗೆ ಒಂದು ಗುರುವಾರ ಅವನು ಮೆಟ್ಟಿಲು ಗುಡಿಸುತ್ತಿದ್ದಾಗ ಗುಡ್ರುನ್ ಫೆಟ್ಸರ್ ಬಂದಳು. ಗುರುವಾರ ಗೆಳತಿಯ ಮನೆಗೆ ಕಾಫಿಗೆ ಬರುವುದು ಅವಳ ರೂಢಿ, ಆ ಹೊತ್ತಿಗೆ ಲೋಥಾರ್ ಮನೆಯೊಳಗೇ ಅಡಗಿರುತ್ತಿದ್ದ. ಇವತ್ತು ಮರೆತಿದ್ದ. ಪೊರಕೆ ಹಿಡಿದು ಗೋಡೆಗೆ ಅಂಟಿ ನಿಂತ.

"ಕಂಬಿ ಕೆಳಗೂ ಒರೆಸಬೇಕು ರಾಪ್ ಅವರೇ, ಅಲ್ಲಿ ಧೂಳು ಕೂರುತ್ತೆ," ಅಂದಳು ಫೆಟ್ಸರ್. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕೈಚೀಲದಿಂದ ಕಾಗದದಲ್ಲಿ ಸುತ್ತಿದ ಪ್ಲಮ್ ಕೇಕಿನ ಎರಡು ತುಂಡು ತೆಗೆದು ಅವನ ಕೈಗಿಟ್ಟಳು. "ಸರಿಯಾಗಿ ಉಣ್ತಿದ್ದೀರಾ? ಒಬ್ಬರೇ ಆದಾಗ ಗಂಡಸರು ಡಬ್ಬಿ ಬಿಚ್ಚಿ ತಿಂದು ಹೊಟ್ಟೆ ಕೆಡಿಸ್ಕೋತಾರೆ. ನಾನೂ ಬೇರೆ ಆದವಳೇ. ಮೊದಲ ಎರಡು ಚಳಿಗಾಲ ಕಷ್ಟ. ಮೂರನೇದಕ್ಕೆ ಅಭ್ಯಾಸ ಆಗುತ್ತೆ."

ಲೋಥಾರನಿಗೆ ಬೈಗುಳ ತಡೆದುಕೊಳ್ಳುವುದು ಗೊತ್ತಿತ್ತು, ಇದು ಗೊತ್ತಿರಲಿಲ್ಲ. "ನಿಮ್ಮನ್ನ ಎಬ್ಬಿಸಿಬಿಟ್ಟೆ..." ಎಂದು ತೊದಲಿದ.

"ನನ್ನ ಮಗ ಕೋರ್ಟಿಗೆ ಹೋಗೋಣ ಅಂದಿದ್ದ. ಎಲ್ಲಾ ಸುಳ್ಳು ಹೇಳಿ ಎಬ್ಬಿಸ್ತಾರಮ್ಮಾ, ಬಿಡಬೇಡ ಅಂದ. ನಾನು ನಿಮ್ಮ ಮನೆಯವರು ಬರೆದ ಕಾಗದ ಓದಿದೆ. ವ್ಯತ್ಯಾಸ ಆಗಲ್ಲ ಅಂತ ಬರೆದಿದ್ರಲ್ಲ, ಅದನ್ನ ಓದಿ ಅತ್ತುಬಿಟ್ಟೆ ಕಣ್ರೀ. ಈ ಹೆಂಗಸು ಸುಳ್ಳು ಬರೆದಿಲ್ಲ, ಇದನ್ನ ಸುಳ್ಳು ಬರೆಯೋಕಾಗಲ್ಲ ಅಂದೆ ಮಗನಿಗೆ." ಅವಳು ಒಂದು ಮೆಟ್ಟಿಲು ಹತ್ತಿ ತಿರುಗಿದಳು. "ಕೇಕು ಇವತ್ತೇ ತಿನ್ನಿ. ನಾಳೆಗೆ ಒಣಗುತ್ತೆ."

ಅವನು ಒಳಗೆ ಹೋಗಿ ಒಂದೇ ಕುರ್ಚಿಯ ಮೇಲೆ ಕೂತ. ಆ ಕಾಗದವನ್ನು ಅವನು ಭೇಷ್ ಎಂದು ಹೊಗಳಿದ್ದ, ಮನಸ್ಸಿಟ್ಟು ಓದಿರಲಿಲ್ಲ. ಈಗ ಸಾಲು ಸಾಲೂ ನೆನಪಾಗುತ್ತಿತ್ತು. ಈ ಭಾನುವಾರ ಅವಳ ಜೊತೆ ಬೇರೆ ಏನಾದರೂ ಮಾತಾಡಬೇಕು, ಆ ಹಾಡಿನ ತಂಡದ ಬಗ್ಗೆ ಕೇಳಬೇಕು ಅಂದುಕೊಂಡ. ಅಂದುಕೊಂಡವನು ಶನಿವಾರ ಯೋಖೆನ್ ಫೋನ್ ಮಾಡಿದಾಗ ಆರನೆಯ ಫ್ಲಾಟ್ ನೋಡಲು ಹೋದ. ಹಾಗಿದ್ದ ಅವನು, ಏನು ಹೇಳುವುದು.

ಭಾನುವಾರ ಊಟವಾದ ಮೇಲೆ ಆರನೆಯದರ ನಕ್ಷೆಯನ್ನು ಮೇಜಿನ ಮೇಲೆ ಬಿಡಿಸಿದ. ಐದನೆಯದರ ಬೆಲೆ ಏರಿದ್ದರಿಂದ ಬ್ಯಾಂಕು ಅದನ್ನೇ ಒತ್ತೆ ಹಿಡಿದು ಸಾಲ ಕೊಡಲು ಒಪ್ಪಿತ್ತು. ಇರ್ಮೆಲಾ ನಕ್ಷೆಯನ್ನು ನೋಡಿದಳು, ಮೊದಲಿನಂತೆ ಮಡಚಿ ಅವನ ಮುಂದಿಟ್ಟಳು.

"ಲೋಥಾರ್, ನಾನು ವಿಚ್ಛೇದನಕ್ಕೆ ಅರ್ಜಿ ಹಾಕಿದ್ದೀನಿ."

ಅವನು ನಕ್ಕ. "ಆಟ ಆಡ್ಬೇಡ ಕಣೇ."

"ಒಂದು ವರ್ಷ ಬೇರೆ ಇದ್ರೆ ಸಾಕು, ಕಾನೂನು ಕೊಡುತ್ತೆ. ಅಕ್ಟೋಬರ್ ಒಂದಕ್ಕೆ ವರ್ಷ ಆಯ್ತು. ನೀನೇ ಪುರಸಭೇಲಿ ಬರೆಸಿದ್ದೀಯ. ಬೇರೆ ಪುರಾವೆ ಬೇಕೇ ಆಗಿಲ್ಲ ಅಂದ್ರು ಲಾಯರ್."

"ಅದು ಸುಳ್ಳು ಅಂತ ನಿನಗೂ ಗೊತ್ತು, ನನಗೂ ಗೊತ್ತು!"

"ಹಾಗಾದ್ರೆ ಹೇಳು." ಅವಳ ದನಿ ಏರಲಿಲ್ಲ. "ಜಡ್ಜ್ ಮುಂದೆ ಹೇಳು. ನಾನು ಬೇರೆ ಆಗಿರ್ಲಿಲ್ಲ, ಒಂದು ಫ್ಲಾಟಿಗೋಸ್ಕರ ಸುಳ್ಳು ಹೇಳಿದೆ ಅಂತ. ಆಮೇಲೆ ಆ ಹೆಂಗಸಿನ ಮನೆಗೆ ಹೋಗಿ ಅವಳಿಗೂ ಹೇಳು. ನೀನು ಅಷ್ಟು ಮಾಡಿದ್ರೆ ನಾನು ಅರ್ಜಿ ವಾಪಸ್ ತಗೋತೀನಿ. ನನ್ನ ಕಡೆಯಿಂದ ಇದು ಪ್ರಮಾಣ. ಅವತ್ತು ಸಂಜೆ ನೀನು ಇಲ್ಲೇ ಊಟ ಮಾಡು, ಇಲ್ಲೇ ಮಲಗು."

"ನನ್ನ ಮೇಲೆ ಪೊಲೀಸ್ ಕೇಸ್ ಆಗುತ್ತೆ ಕಣೇ!"

"ಆಗುತ್ತೆ. ನಾನೂ ಸಹಿ ಹಾಕಿದ್ದೀನಿ, ನನ್ನ ಮೇಲೂ ಆಗಬಹುದು. ಇಬ್ಬರೂ ಒಟ್ಟಿಗೆ ಹೋಗೋಣ." ಅವಳು ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು. "ಎಷ್ಟು ವರ್ಷ ಆಯ್ತು ನಾವಿಬ್ಬರು ಒಟ್ಟಿಗೆ ಎಲ್ಲಿಗಾದ್ರೂ ಹೋಗಿ."

ಅಲ್ಲಿಂದ ಕೋರ್ಟಿನ ದಿನದವರೆಗೆ ಹನ್ನೊಂದು ವಾರ. ಅತ್ತ ದರಿ ಇತ್ತ ಪುಲಿ ಅನ್ನುವುದನ್ನು ಲೋಥಾರ್ ಆ ಹನ್ನೊಂದು ವಾರ ತಿಂದು, ಹೊದ್ದು, ಮಲಗಿದ. ನಿಜ ಹೇಳಿದರೆ ಮನೆ ಸಿಗುತ್ತದೆ, ಮಾನ ಹೋಗುತ್ತದೆ, ಐದನೆಯದು ನಷ್ಟ, ಆರನೆಯದು ಕೈತಪ್ಪುತ್ತದೆ. ಸುಳ್ಳನ್ನೇ ಹೇಳಿದರೆ ಫ್ಲಾಟುಗಳೆಲ್ಲ ಅವನವೇ. ಹಿಂದೆ ಜಾಣತನದಿಂದ ಬರೆಸಿದ ಕರಾರಿನ ಪ್ರಕಾರ ಇರ್ಮೆಲಾಗೆ ಅವುಗಳಲ್ಲಿ ಒಂದು ಇಟ್ಟಿಗೆಯೂ ಸಲ್ಲದು. ಚೆರ್ರಿ ಮರದ ಮನೆ ಅವಳದು, ಅವನಿಗೆ ಸಲ್ಲದು. ನ್ಯಾಯವಾಗಿಯೇ ಇತ್ತು.

ಲಾಯರ್ ಹೇಳಿದ್ದು ಒಂದೇ ಮಾತು. "ಕೋರ್ಟಲ್ಲಿ ಆಡಿದ್ದು ದಾಖಲೆಗೆ ಹೋಗುತ್ತೆ. ಹೌದು ಅಂದು ಎದ್ದು ಬನ್ನಿ."

ಯೋಖೆನ್‌ಗೆ ಹೇಳಿದಾಗ ಅವನು ಬಿಯರ್ ಲೋಟ ಕೆಳಗಿಡಲಿಲ್ಲ. "ನನಗೂ ಎರಡು ವಿಚ್ಛೇದನ ಆಗಿದೆ ಕಣಯ್ಯಾ. ಮೊದಲನೇದಕ್ಕೆ ಅತ್ತುಬಿಟ್ಟೆ. ಎರಡನೇದಕ್ಕೆ ಅಳೋಕೆ ಪುರುಸೊತ್ತಿರಲಿಲ್ಲ."

ಈ ಸಲ ಕೂಟದವರು ನಕ್ಕಾಗ ಲೋಥಾರನಿಗೆ ನಗು ಬರಲಿಲ್ಲ. ಮೂವತ್ತನಾಲ್ಕು ಫ್ಲಾಟಿನ ಒಡೆಯ ಭಾನುವಾರ ಎಲ್ಲಿ ಉಣ್ಣುತ್ತಾನೆ ಎಂದು ಮೊದಲ ಬಾರಿಗೆ ಯೋಚಿಸಿದ. ಆ ದಿನವೇ ನಿರ್ಧಾರ ಮಾಡಿದ: ಹೇಳಿಬಿಡುವುದು. ನಿಜವಾಗಿಯೂ ನಿರ್ಧಾರ ಮಾಡಿದ್ದ, ಅದರಲ್ಲಿ ಸುಳ್ಳಿರಲಿಲ್ಲ. ಕನ್ನಡಿ ಮುಂದೆ ನಿಂತು ಹೇಳಿ ನೋಡಿಕೊಂಡ. 'ನಾನು ನನ್ನ ಹೆಂಡತಿಯನ್ನು ಬಿಟ್ಟಿರಲಿಲ್ಲ.' ಖಾಲಿ ಕೋಣೆಯಲ್ಲಿ ಆ ಮಾತು ಚೆನ್ನಾಗಿಯೇ ಕೇಳಿಸುತ್ತಿತ್ತು.

ಕೋರ್ಟಿನ ದಿನ ಬೆಳಿಗ್ಗೆ ಬ್ಯಾಂಕಿನಿಂದ ಫೋನ್ ಬಂತು. ಆರನೆಯದರ ಕಾಗದಪತ್ರ ಸಿದ್ಧ, ಸೋಮವಾರ ಸಹಿ, ಸಾಲ ಪಡೆಯುವ ಅವನ ಮೇಲೆ ಯಾವ ಕೇಸೂ ಇಲ್ಲ ಎಂಬ ಹೇಳಿಕೆಗೂ ಒಂದು ಸಹಿ ಬೇಕು ಅಷ್ಟೆ. ಸರಿ ಬರುತ್ತೇನೆ ಅಂದ. ಬರಲಾಗುವುದಿಲ್ಲ ಎಂದು ಸಂಜೆ ಹೇಳಿದರಾಯಿತು ಅಂದುಕೊಂಡ.

ಕೋರ್ಟೆಂದರೆ ದೊಡ್ಡ ಸಭಾಂಗಣ ಎಂದುಕೊಂಡಿದ್ದ. ಅದು ಡಾಕ್ಟರರ ಕೋಣೆಯಷ್ಟಿತ್ತು. ಜಡ್ಜ್ ಮೂವತ್ತೈದರ ಹೆಂಗಸು, ಮುಂದೆ ಕೈಗೆ ಹಿಡಿಯುವ ಪುಟ್ಟ ರೆಕಾರ್ಡರ್. ಮೇಜಿನ ಆಚೆ ಬದಿಯಲ್ಲಿ ಇರ್ಮೆಲಾ ಮತ್ತು ಅವಳ ಲಾಯರ್. ಇರ್ಮೆಲಾ ಕೂದಲು ಕತ್ತರಿಸಿಕೊಂಡಿದ್ದಳು, ಕಿವಿ ಕಾಣುತ್ತಿತ್ತು. ಬಾಗಿಲಲ್ಲಿ ಅವನನ್ನು ನೋಡಿ ತಲೆಯಾಡಿಸಿದಳು. ಧೈರ್ಯ ಹೇಳುವವರು ಆಡಿಸುವ ಹಾಗೆ. ಕೋಟಿನ ಗುಂಡಿ ಬಿಚ್ಚಿರಲಿಲ್ಲ, ಬೇಗ ಮನೆಗೆ ಹೋಗುವವಳಂತೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು.

ಹೆಸರು, ಹುಟ್ಟಿದ ತಾರೀಕು, ಮದುವೆಯಾದ ಊರು ಓದಿ ಮುಗಿಯಿತು. ಜಡ್ಜ್ ಕಾಗದದಿಂದ ತಲೆ ಎತ್ತದೆ ಕೇಳಿದಳು.

"ರಾಪ್ ಅವರೇ, ಕಳೆದ ವರ್ಷಕ್ಕೆ ಹಿಂದಿನ ವರ್ಷದ ಅಕ್ಟೋಬರ್ ಒಂದರಿಂದ ನೀವಿಬ್ಬರೂ ಬೇರೆ ವಾಸ ಮಾಡ್ತಿದ್ದೀರಿ. ಹೌದಾ?"

"ಹೌದು," ಅಂದ ಲೋಥಾರ್.

ಅಭ್ಯಾಸ. ಪುರಸಭೆಯ ಗುಮಾಸ್ತೆಗೆ, ಬ್ಯಾಂಕಿಗೆ, ಮೌಟೆಗೆ, ಪೋಸ್ಟಿನವನಿಗೆ ಎಷ್ಟು ಸಲ ಹೇಳಿದ್ದನೆಂದರೆ ಬಾಯಿ ತಾನಾಗಿಯೇ ಹೇಳಿತು. ಅವನಿಗೇ ಗಾಬರಿಯಾಯಿತು. ಎದುರಿಗೆ ಇರ್ಮೆಲಾ ಅಲ್ಲಾಡದೆ ಕೂತಿದ್ದಳು, ಅವಳ ಕಣ್ಣು ಇನ್ನೂ ಅವನ ಮೇಲೇ ಇತ್ತು. ಅವಳಿಗೆ ಅವನ ಬಾಯಿಯ ಅಭ್ಯಾಸ ಗೊತ್ತಿತ್ತು, ಕಾಯುತ್ತಿದ್ದಳು.

ಜಡ್ಜ್‌ಗೂ ಏನೋ ಅನಿಸಿರಬೇಕು. ರೆಕಾರ್ಡರನ್ನು ಬಾಯಿಯ ಬಳಿ ಒಯ್ದವಳು ತಡೆದು ತಲೆ ಎತ್ತಿದಳು. "ಇದರ ಬಗ್ಗೆ ಇನ್ನೇನಾದ್ರೂ ಹೇಳೋದಿದೆಯಾ? ಅವಸರ ಇಲ್ಲ."

ಕಿಟಕಿಯ ಕೆಳಗಿನ ರೇಡಿಯೇಟರಿನಲ್ಲಿ ಗಾಳಿ ಸೇರಿಕೊಂಡು ಗುಳುಗುಳು ಅನ್ನುತ್ತಿತ್ತು, ಅರ್ಧ ನಿಮಿಷದಲ್ಲಿ ಸರಿಮಾಡಬಹುದಾದ ಕೆಲಸ. ಹೇಳಬೇಕಾದ ಮಾತು ನಾಲಿಗೆಯ ಮೇಲೇ ಇತ್ತು. ಸೋಮವಾರದ ಸಹಿಯೂ ನೆನಪಿಗೆ ಬಂತು. ಪೊಲೀಸ್ ಠಾಣೆ, ಕೇಕು ಕೊಟ್ಟ ಕೈ, ಮೌಟೆಯ ಕಿಂಡಿ, ಕೂಟದ ನಗು, ಎಲ್ಲ ಒಟ್ಟಿಗೆ ಬಂದವು. ಇವತ್ತು ಇದು ಮುಗಿಯಲಿ, ಇರ್ಮೆಲಾಗೆ ಆಮೇಲೆ ತಿಳಿಸಿ ಹೇಳಿದರಾಯಿತು, ಅವಳು ಅರ್ಥ ಮಾಡಿಕೊಳ್ಳುತ್ತಾಳೆ, ಯಾವಾಗಲೂ ಮಾಡಿಕೊಂಡಿದ್ದಾಳೆ ಅನಿಸಿತು.

"ಇಲ್ಲ," ಅಂದ. "ಏನೂ ಇಲ್ಲ."

ಇರ್ಮೆಲಾ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದಳು. ಹಿಂದಕ್ಕೆ ಸರಿದು ಕುರ್ಚಿಗೆ ಒರಗಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

ಜಡ್ಜ್ ಅವಳತ್ತ ತಿರುಗಿದಳು. "ನೀವು ಏನು ಹೇಳ್ತೀರಿ? ಅಕ್ಟೋಬರ್ ಒಂದು, ನಿಮಗೂ ಅದು ಸರಿಯಾ?"

"ಸರಿ," ಅಂದಳು ಇರ್ಮೆಲಾ. "ಅವತ್ತೇ ಹೋದ. ನನಗೆ ಗೊತ್ತಾಗಿದ್ದು ಮಾತ್ರ ಈಗ."

ಜಡ್ಜ್ ರೆಕಾರ್ಡರಿನ ಗುಂಡಿ ಒತ್ತಿ, ಬೇರೆ ವಾಸದ ತಾರೀಕನ್ನು ಪತ್ನಿಯೂ ಒಪ್ಪಿದ್ದಾರೆ ಎಂದು ಹೇಳಿ ಮುಂದಿನ ಹಾಳೆ ತಿರುಗಿಸಿದಳು.